ಮಂಗಳಾಳ ಮುನ್ನೂರು ಷೇರು

ಮಂಗಳಾ ಒಂದು ಕಡೆ ನಿಲ್ಲುವ ಹೆಂಗಸಲ್ಲ ಎಂಬುದು ಶೆಟ್ಟಿಕೆರೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಕೆಂಕೆರೆಯಿಂದ ಸೊಸೆಯಾಗಿ ಬಂದ ವರ್ಷವೇ ಹೊಲಿಗೆ ಕಲಿಯಲು ಹೊರಟಳು. ರವಿಕೆ ಹೊಲಿಯುವುದು ಕೈಗೆ ಹತ್ತಿದ ಕೂಡಲೇ ಅದನ್ನು ಬಿಟ್ಟಳು. ಆಮೇಲೆ ಗಾರ್ಮೆಂಟ್ಸಿಗೆ ಹೋದಳು, ಶಾಲೆಯ ಬಿಸಿಯೂಟಕ್ಕೆ ಅಡುಗೆ ಮಾಡಿದಳು, ವಿಮೆ ಮಾಡಿಸಿದಳು, ಸಂತೆಯಿಂದ ಸಂತೆಗೆ ಸೀರೆ ಗಂಟು ಹೊತ್ತಳು. ಯಾವುದನ್ನೂ ಸೋತು ಬಿಟ್ಟದ್ದಲ್ಲ. ಕೆಲಸ ಕಷ್ಟವಾಗಿರುವ ತನಕ ಅವಳಿಗೆ ಅದರ ಮೇಲೆ ಪ್ರೀತಿ. ಕೈ ತಾನಾಗಿಯೇ ಮಾಡತೊಡಗಿದ ದಿನದಿಂದ ಕಣ್ಣು ಬಾಗಿಲ ಕಡೆ ಹೋಗುತ್ತಿತ್ತು.

"ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟವ್ಳೆ," ಎನ್ನುತ್ತಿದ್ದಳು ಅತ್ತೆ ಭೈರಮ್ಮ. ಗಂಡ ರಂಗರಾಜು ಮಾತ್ರ ಏನೂ ಅನ್ನುತ್ತಿರಲಿಲ್ಲ. ಅವನದು ಒಂದು ಸಣ್ಣ ಗೂಡ್ಸ್ ಗಾಡಿ. ತೋಟಗಳಿಂದ ತಿಪಟೂರಿಗೆ ಕಾಯಿ, ಕೊಬ್ಬರಿ ಸಾಗಿಸುವ ಬಾಡಿಗೆ. ಚೀಲ ತುಂಬುವವರು ಎಷ್ಟು ತಡ ಮಾಡಿದರೂ ಸೀಟಿನಲ್ಲೇ ಕಾಲು ಮಡಚಿ ಮಲಗಿಬಿಡುವ ಮನುಷ್ಯ. ಇಂಥವನಿಗೆ ಇಂಥವಳು ಹೇಗೆ ಗಂಟುಬಿದ್ದಳೋ ಎಂದು ಊರವರು ನಗುತ್ತಿದ್ದರು.

ತಿರುಳು ಫುಡ್ಸ್ ಎಂಬ ಕಂಪನಿಯನ್ನು ಶುರು ಮಾಡಿದ್ದು ಅದೇ ಊರಿನ ಸೂರ್ಯಪ್ರಕಾಶ್. ಆಹಾರ ತಂತ್ರಜ್ಞಾನ ಓದಿ, ಮೈಸೂರಿನ ಬಿಸ್ಕತ್ತು ಕಾರ್ಖಾನೆಯೊಂದರಲ್ಲಿ ಕೆಲವು ವರ್ಷ ದುಡಿದು, ಊರಾಚೆ ರಸ್ತೆ ಬದಿಯಲ್ಲಿ ಹಿಂದೆ ಕೊಬ್ಬರಿ ಗೋದಾಮಾಗಿದ್ದ ಶೆಡ್ಡನ್ನು ಬಾಡಿಗೆಗೆ ಹಿಡಿದಿದ್ದ. ತೆಂಗಿನಕಾಯಿಯ ಚಿಪ್ಸ್ ಮಾಡಿ ದೊಡ್ಡ ಊರುಗಳಿಗೆ ಕಳಿಸುವುದು ಅವನ ಯೋಚನೆ. ಬಲಿತ ಕಾಯಿಯ ಕಂದು ಸಿಪ್ಪೆ ಹೆರೆದು, ಬಿಳಿ ತಿರುಳನ್ನು ತೆಳ್ಳಗೆ ಹೆಚ್ಚಿ, ಸಕ್ಕರೆ ಪಾಕದಲ್ಲಿ ಅದ್ದಿ, ಡ್ರೈಯರಿನಲ್ಲಿ ಒಣಗಿಸಬೇಕು. ಹೇಳುವುದಕ್ಕೆ ಸುಲಭ. ಮೊದಲ ಮಳೆಗಾಲದಲ್ಲೇ ಚಿಪ್ಸು ಪ್ಯಾಕೆಟ್ಟಿನೊಳಗೆ ಮೆತ್ತಗಾಗಿ, ಅಂಗಡಿಗಳಿಂದ ವಾಪಸ್ಸು ಬಂದು, ಶೆಡ್ಡಿನ ಮೂಲೆಯಲ್ಲಿ ರಾಶಿಯಾದವು.

ಮಂಗಳಾ ಅಲ್ಲಿಗೆ ಸಿಪ್ಪೆ ಹೆರೆಯುವ ಕೆಲಸಕ್ಕೆ ಸೇರಿದ್ದಳು. ವಾಪಸ್ಸು ಬಂದ ರಾಶಿ ನೋಡಿದ ಮೇಲೆ ಅವಳಿಗೆ ಸಿಪ್ಪೆಯ ಹತ್ತಿರ ಕೂರಲಾಗಲಿಲ್ಲ. ನನ್ನನ್ನು ಡ್ರೈಯರ್ ಕೆಲಸಕ್ಕೆ ಹಾಕಿ ಎಂದು ಸೂರ್ಯಪ್ರಕಾಶನ ಬೆನ್ನು ಹತ್ತಿದಳು. ಇಬ್ಬರೂ ಸೇರಿ ಆ ಮಳೆಗಾಲವಿಡೀ ಗುದ್ದಾಡಿದರು. ಟ್ರೇಗೆ ಹರಡುವುದನ್ನು ತೆಳ್ಳಗೆ ಮಾಡಿದರು. ಅರ್ಧ ಒಣಗಿದ ಮೇಲೆ ಮೇಲಿನ ಟ್ರೇ ಕೆಳಗೆ, ಕೆಳಗಿನದು ಮೇಲೆ ಇಟ್ಟರು. ಪೂರ್ತಿ ಆರುವ ಮುಂಚೆ ಪ್ಯಾಕ್ ಮಾಡುವುದನ್ನು ನಿಲ್ಲಿಸಿದರು. ಒಂದೊಂದು ಸಲ ಅವನ ಲೆಕ್ಕ ಸರಿಹೋಗುತ್ತಿತ್ತು, ಒಂದೊಂದು ಸಲ ಅವಳ ಕೈ. ಚಿಪ್ಸು ಕಡಿದರೆ ಕಟಂ ಎನ್ನುವಂತಾದಾಗ ಅವಳನ್ನು ಡ್ರೈಯರ್ ವಿಭಾಗದ ಮೇಲ್ವಿಚಾರಕಿ ಮಾಡಿದ. ಆ ಎರಡು ವರ್ಷ ಮಂಗಳಾ ಮನೆಯಲ್ಲಿ ಬೇರೆ ಕೆಲಸದ ಮಾತೆತ್ತಲಿಲ್ಲ. ಭೈರಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಮೂರನೆಯ ವರ್ಷ ಬೆಂಗಳೂರಿನ ಹೂಡಿಕೆದಾರರೊಬ್ಬರು ಕಂಪನಿಗೆ ಹಣ ಹಾಕಿದರು. ಯುಗಾದಿ ಮುಗಿದ ವಾರದಲ್ಲಿ ಒಂದು ಮಧ್ಯಾಹ್ನ, ಊಟದ ನಂತರ, ಸೂರ್ಯಪ್ರಕಾಶ್ ಹಳೆಯ ಕೆಲಸಗಾರರನ್ನೆಲ್ಲ ಕೂರಿಸಿಕೊಂಡ. ಲೆಕ್ಕಪತ್ರ ನೋಡುವ ನೂರೈನ್ ಪಕ್ಕದಲ್ಲಿದ್ದಳು. ತಿಪಟೂರಿನ ಟೈಲರೊಬ್ಬರ ಮಗಳು; ಬಿ.ಕಾಂ. ಮುಗಿಸಿ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು.

"ದುಡ್ಡು ಬಂದೈತೆ. ಆದ್ರೆ ಅದೆಲ್ಲ ಯಂತ್ರಕ್ಕೆ, ಮಾಲಿಗೆ," ಎಂದ ಸೂರ್ಯಪ್ರಕಾಶ್. "ನಿಮ್ಮ ಸಂಬಳ ನಾನು ಅಂದ್ಕೊಂಡಷ್ಟು ಏರ್ಸೋಕೆ ಆಗ್ತಿಲ್ಲ. ಅದಕ್ಕೆ ಬೇರೆ ಒಂದು ಕೊಡ್ತಿದೀನಿ. ಸ್ಟಾಕ್ ಆಪ್ಷನ್ ಅಂತಾರೆ."

"ಷೇರು ಕೊಡ್ತೀರಾ ಸಾರ್?" ಎಂದಳು ಮಂಗಳಾ.

"ಷೇರಲ್ಲ ಮಂಗಳಮ್ಮ, ಷೇರು ಕೊಳ್ಳೋ ಹಕ್ಕು. ಒಂದು ಷೇರಿಗೆ ನೂರೈವತ್ತು ರೂಪಾಯಿ ಅಂತ ಇವತ್ತು ಗೊತ್ತುಮಾಡಿದೀವಿ. ಮುಂದೆ ಅದೇ ಷೇರು ಸಾವಿರಕ್ಕೆ ಹೋದ್ರೂ ನಿಮಗೆ ಮಾತ್ರ ನೂರೈವತ್ತಕ್ಕೇ. ನಿಮ್ಮ ಹೆಸರಿಗೆ ಸಾವಿರದ ಇನ್ನೂರು ಬರ್ದಿದೀವಿ."

"ಕಂಪನಿ ಮುಳುಗಿದ್ರೆ?"

"ಕೊಳ್ಳಬೇಡಿ. ಕೊಳ್ಳಲೇಬೇಕು ಅಂತ ಯಾರೂ ಬಲವಂತ ಮಾಡಂಗಿಲ್ಲ. ನಿಮ್ಮ ಕೈಯಿಂದ ಹೋಗೋದೇನೂ ಇಲ್ಲ."

"ಹಂಗಾದ್ರೆ ಇವತ್ತೇ ಕೊಂಡ್ರೆ?"

ಸೂರ್ಯಪ್ರಕಾಶ್ ನಕ್ಕ. "ಅದೇ ಆಗಲ್ಲ. ಪೂರ್ತಿ ಬೇಕಂದ್ರೆ ನಾಲ್ಕು ವರ್ಷ ಇಲ್ಲಿ ಇರ್ಬೇಕು. ಒಂದೊಂದು ವರ್ಷ ಮುಗ್ದಂಗೆ ಮುನ್ನೂರು ಮುನ್ನೂರು ನಿಮ್ಮ ಹಕ್ಕಿಗೆ ಬರ್ತದೆ. ಮೊದಲನೇ ವರ್ಷ ತುಂಬೋ ಮುಂಚೆ ಬಿಟ್ಟೋದ್ರೆ ಒಂದೂ ಇಲ್ಲ."

ನಾಲ್ಕು ವರ್ಷ ಎಂಬ ಮಾತು ಕಿವಿಗೆ ಬೀಳುತ್ತಲೇ ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದ ಶಿವಮೂರ್ತಿ ಮಂಗಳಾಳ ಕಡೆ ತಿರುಗಿ ನಕ್ಕ. ಅವಳ ಚರಿತ್ರೆ ಅವನಿಗೂ ಗೊತ್ತಿತ್ತು.

ಮನೆಯಲ್ಲಿ ಭೈರಮ್ಮ ಜಗಲಿಯ ಮೇಲೆ ತೆಂಗಿನ ಗರಿಯಿಂದ ಪೊರಕೆ ಕಡ್ಡಿ ಸೀಳುತ್ತಾ ಕೂತಿದ್ದಳು. ಮಂಗಳಾ ಚಪ್ಪಲಿ ಬಿಡುವ ಮುಂಚೆಯೇ ಹೇಳಲು ಶುರು ಮಾಡಿದಳು.

"ನಮ್ಮ ತೋಟದ ಕಾಯಿಗೆ ವ್ಯಾಪಾರಿ ಬಂದು ಮುಂದಿನ ಕೊಯ್ಲಿಗೆ ಈಗಲೇ ರೇಟು ಮಾತಾಡ್ಕೊಂಡು ಹೋಗ್ತಾನಲ್ಲ ಅತ್ತೆ, ಹಂಗೇ ಇದು. ಆಮೇಲೆ ರೇಟು ಏರಿದ್ರೂ ಅವ್ನು ಹಳೇ ರೇಟಿಗೇ ತಗೋತಾನೆ."

"ಅವ್ನು ಅಡ್ವಾನ್ಸ್ ಕೊಟ್ಟು ಮಾತಾಡ್ತಾನೆ ಕಣೇ. ರೇಟು ಬಿದ್ರೆ ಅಡ್ವಾನ್ಸ್ ಬುಟ್ಟು ಈ ಕಡೆ ತಲೆನೇ ಹಾಕಲ್ಲ. ನೀನೇನ್ ಅಡ್ವಾನ್ಸ್ ಕೊಟ್ಟೆ?"

"ಏನೂ ಕೊಟ್ಟಿಲ್ಲ."

"ಏನೂ ಈಸ್ಕೊಳ್ದೆ ಯಾರ್ ಮಾಡ್ಕೋತಾರೆ ಅಂಥ ಕರಾರು? ಸರಿಯಾಗಿ ಕೇಳ್ಕೊಂಡು ಬಾ ಹೋಗು."

ಒಳಗೆ ಕಾಫಿ ಕುಡಿಯುತ್ತಿದ್ದ ರಂಗರಾಜು ಬಾಗಿಲಿಗೆ ಬಂದ. "ಕೊಟ್ಟವ್ಳೆ ಬುಡವ್ವ. ನಾಲ್ಕು ವರ್ಷ ಕೊಟ್ಟವ್ಳೆ. ಇವಳತ್ರ ಅದಕ್ಕಿಂತ ದುಬಾರಿದು ಇನ್ನೇನೈತೆ?"

ಅವನು ತಮಾಷೆಗೆ ಹೇಳಿದ್ದು ನಿಜವಾಯಿತು. ಡ್ರೈಯರು ಅವಳ ಮಾತು ಕೇಳತೊಡಗಿ ಬಹಳ ದಿನವಾಗಿತ್ತು. ಮಳೆ ಬರಲಿ ಬಿಸಿಲಿರಲಿ ಚಿಪ್ಸು ಒಂದೇ ಹದದಲ್ಲಿ ಬರುತ್ತಿತ್ತು. ಸಾಮಾನ್ಯವಾಗಿ ಅವಳು ಎದ್ದು ಹೋಗುವ ಹೊತ್ತು ಅದು. ಈಗ ಹೋಗುವ ಹಾಗಿಲ್ಲ. ಅವಳು ಟ್ರೇಗಳ ಸಾಲನ್ನು ಸುಮ್ಮಸುಮ್ಮನೆ ಬದಲಿಸಿದಳು, ಮತ್ತೆ ಮೊದಲಿನಂತೆ ಮಾಡಿದಳು. ನೂರೈನ್ ಹತ್ತಿರ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದು ಕಲಿತಳು. ಮಾಲು ಹೊತ್ತ ಗಾಡಿಯಲ್ಲಿ ಅರಸೀಕೆರೆ, ಹಾಸನದ ಅಂಗಡಿಗಳನ್ನೆಲ್ಲ ಸುತ್ತಿ ಬಂದಳು. ಸಂಜೆ ಬಸ್ಸಿಗೆ ನಿಂತ ನೂರೈನ್ ಜೊತೆ ನಿಂತು, "ಬಿಟ್ಟುಬಿಡ್ತೀನಿ ಕಣೇ," ಎನ್ನುವಳು.

"ಯುಗಾದಿವರೆಗಾದ್ರೂ ಇರಿ ಅಕ್ಕ. ಮೊದಲ ಮುನ್ನೂರು ಕೈಗೆ ಬರ್ಲಿ," ಎನ್ನುವಳು ನೂರೈನ್.

ಶಿವಮೂರ್ತಿ ಅಷ್ಟು ತಡೆಯಲಿಲ್ಲ. ಶಿವರಾತ್ರಿಯ ಹೊತ್ತಿಗೆ ಅವನ ಭಾವಮೈದ ತುರುವೇಕೆರೆಯಲ್ಲಿ ಗೊಬ್ಬರ, ಔಷಧಿಯ ಅಂಗಡಿಯೊಂದನ್ನು ಬಿಟ್ಟುಕೊಡುತ್ತಿದ್ದ. ಕೇಳಿದ ಮರುದಿನವೇ ಶಿವಮೂರ್ತಿ ರಾಜೀನಾಮೆ ಕೊಟ್ಟ.

"ಇನ್ನೊಂದು ತಿಂಗಳು ಇದ್ದೋಗೋ," ಎಂದು ಮಂಗಳಾ ಕೇಳಿಕೊಂಡಳು.

"ಅಂಗಡಿ ಕಾಯಲ್ಲ ಕಣಕ್ಕ. ಈಗ ಬಿಟ್ರೆ ಬೇರೇವ್ರ ಪಾಲಾಗ್ತದೆ. ಇದೇನೋ ಕಣ್ಣಿಗೆ ಕಾಣದ್ದು."

ಅವನ ಹೆಸರಿನಲ್ಲಿ ಬರೆದಿದ್ದದ್ದೆಲ್ಲ ರದ್ದಾಯಿತು. ಮಂಗಳಾಗೆ ಅವನ ಮೇಲೆ ಕೋಪ ಬಂತು. ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಯಿತು. ಅವನು ಗೇಟು ದಾಟಿ ಹೋದ ರೀತಿ ಅವಳದಾಗಿರಬೇಕಿತ್ತು.

ಯುಗಾದಿ ಬಂತು. ನೂರೈನ್ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿ ತೋರಿಸಿದಳು. ಮುನ್ನೂರು ಅವಳ ಹಕ್ಕಿಗೆ ಬಂದಿತ್ತು. ಏನೋ ಆಗುತ್ತದೆ ಎಂದು ಮಂಗಳಾ ಸುಮಾರು ಹೊತ್ತು ಆ ಅಂಕಿಯನ್ನೇ ನೋಡಿದಳು. ಏನೂ ಆಗಲಿಲ್ಲ. ಹೊರಗೆ ಕಾಯಿ ಸುಲಿಯುವ ಸದ್ದು ಎಂದಿನಂತೆ ಕೇಳುತ್ತಿತ್ತು.

"ಈಗ ದುಡ್ಡು ಕಟ್ಟಿ ತಗೊಂಡ್ಬಿಡ್ಲಾ?"

"ಕೆಲಸದಲ್ಲಿ ಇರೋತನಕ ಅವಸರ ಇಲ್ಲ ಅಕ್ಕ," ಎಂದಳು ನೂರೈನ್. "ತಗೊಂಡ್ರೆ ಷೇರು ನಿಮ್ಮದಾಗುತ್ತೆ. ಆದ್ರೆ ಮಾರೋದು ಯಾರಿಗೆ? ಪೇಪರಲ್ಲಿ ದಿನಾ ರೇಟು ಬರೋ ಕಂಪನಿ ಅಲ್ಲ ನಮ್ಮದು. ಯಾರಾದ್ರೂ ದೊಡ್ಡವರು ಕಂಪನೀನ ಕೊಂಡ್ರೆ, ಇಲ್ಲ ಕಂಪನಿನೇ ನಮ್ಮಿಂದ ವಾಪಸ್ ಕೊಂಡ್ರೆ ಆಗ ದುಡ್ಡು. ಅಲ್ಲಿವರೆಗೆ ಸುಮ್ನೆ ಇಟ್ಕೊಂಡು ಕೂತಿರ್ಬೇಕು."

ಕೂತಿರಬೇಕು ಎಂಬ ಮಾತೇ ಅವಳಿಗೆ ಆಗದು.

ಎರಡನೆಯ ವರ್ಷ ಹೊಸ ಯಂತ್ರ ಬಂತು. ಒಂದು ಕಡೆ ಹೆಚ್ಚಿದ ತಿರುಳು ಹಾಕಿದರೆ ಇನ್ನೊಂದು ಕಡೆ ಒಣಗಿದ ಚಿಪ್ಸು ಬೀಳುತ್ತಿತ್ತು. ತೇವ ಎಷ್ಟಿದೆ, ಶಾಖ ಎಷ್ಟಿದೆ ಎಲ್ಲ ಅದೇ ಅಳೆದುಕೊಳ್ಳುತ್ತಿತ್ತು. ಯಂತ್ರದ ಜೊತೆ ಹೊಸ ಮ್ಯಾನೇಜರೂ ಬಂದರು. ಒಳ್ಳೆಯ ಮನುಷ್ಯ, ಯಾರ ಮೇಲೂ ಗದರಿದವರಲ್ಲ. ಮಂಗಳಾಗೆ ಗಾಜಿನ ರೂಮಿನಲ್ಲಿ ಒಂದು ಕುರ್ಚಿ, ಎದುರಿಗೆ ಒಂದು ಪರದೆ ಕೊಟ್ಟರು. ಅವಳು ಎದ್ದು ಯಂತ್ರದ ಬಳಿ ಹೋದರೆ, "ನೀವು ಓಡಾಡಬೇಕಾಗಿಲ್ಲ ಮೇಡಂ, ಅಲ್ಲೇ ಎಲ್ಲ ಕಾಣುತ್ತೆ," ಎಂದು ಮೆತ್ತಗೆ ಹೇಳುತ್ತಿದ್ದರು. ಸಂಬಳವೂ ಸ್ವಲ್ಪ ಏರಿತು. ಊರವರು ಮಂಗಳಾ ಆಫೀಸರಾದಳು ಎಂದರು.

ಅವಳಿಗೆ ಮಂಡಿ ಹಿಡಿಯತೊಡಗಿತು. ಮನೆಗೆ ಬಂದು, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ಬಚ್ಚಲಿಗೆ ಹಾಕಿಕೊಂಡು ಉಜ್ಜುತ್ತಿದ್ದಳು. "ಆ ಪಾತ್ರೆ ತೂತಾಗ್ತದೆ ಬುಡೇ," ಎಂದು ಭೈರಮ್ಮ ರೇಗುವಳು. ಭಾನುವಾರ ರಂಗರಾಜುವಿನ ಗಾಡಿ ಹತ್ತಿ ಹುಳಿಯಾರು, ಚಿಕ್ಕನಾಯಕನಹಳ್ಳಿ ಎಂದು ಸುಮ್ಮನೆ ತಿರುಗುವಳು. ಹಾಗೆ ತಿರುಗುವಾಗಲೇ ಅವಳ ಕಣ್ಣಿಗೆ ಬೇಕರಿಗಳು ಬಿದ್ದವು. ಬಿಸ್ಕತ್ತಿಗೆ, ಬನ್ನಿನೊಳಗೆ ತುಂಬುವುದಕ್ಕೆ ಅವರಿಗೆ ಒಣಗಿಸಿದ ಕಾಯಿತುರಿ ಬೇಕು. ದೊಡ್ಡ ಕಾರ್ಖಾನೆಯವರು ದೊಡ್ಡ ಚೀಲದಲ್ಲೇ ಕೊಡುವುದು. ಅದು ಮುಗಿಯುವುದರೊಳಗೆ ಕಮಟು ವಾಸನೆ. ವಾರಕ್ಕೊಮ್ಮೆ ಹತ್ತೋ ಇಪ್ಪತ್ತೋ ಕೆ.ಜಿ. ಹೊಸ ತುರಿ ತಂದುಕೊಡುವವರಿದ್ದರೆ ಬೇಡ ಎನ್ನುವವರಿಲ್ಲ.

ಆ ಯೋಚನೆ ಹೊಕ್ಕ ಮೇಲೆ ಗಾಜಿನ ರೂಮು ಇನ್ನೂ ಸಣ್ಣದಾಯಿತು. ಆದರೂ ಹಲ್ಲು ಕಚ್ಚಿ ಇನ್ನೊಂದು ಯುಗಾದಿ ಕಳೆದಳು. ಎರಡನೆಯ ಮುನ್ನೂರು ಬಂತು. ಮಳೆ ಹಿಡಿಯುವ ಹೊತ್ತಿಗೆ ಸೂರ್ಯಪ್ರಕಾಶನ ಮುಂದೆ ಹೋಗಿ ನಿಂತಳು.

"ಇನ್ನೆರಡು ವರ್ಷ ಇದ್ರೆ ಉಳಿದ ಆರುನೂರೂ ನಿಮ್ಮದೇ," ಎಂದ ಅವನು. "ಈಗ ಹೋದ್ರೆ ಅದು ರದ್ದು. ಹೋದ ಸಲ ಹೂಡಿಕೆದಾರರು ಷೇರಿಗೆ ಆರುನೂರು ರೂಪಾಯಿ ಬೆಲೆ ಕಟ್ಟವ್ರೆ. ಯೋಚನೆ ಮಾಡಿದೀರಾ?"

"ಮಾಡಿದೀನಿ ಸಾರ್. ಆ ರೂಮಲ್ಲಿ ಕೂತ್ರೆ ನನ್ನ ಕೈಕಾಲು ನನ್ನವು ಅನ್ಸಲ್ಲ."

ಅವನು ಮೇಜಿನ ಮೇಲಿದ್ದ ಕಡತವನ್ನು ಹತ್ತಿರ ಎಳೆದುಕೊಂಡ. ಆಮೇಲೆ, "ಚಿಪ್ಸ್ ಮಾಡ್ತೀರಾ? ನಮಗೆ ಎದುರಾಗಿ ಅದೇ ಕೆಲಸ ಮಾಡಿದ್ರೆ ಬಂದಿರೋ ಹಕ್ಕೂ ಹೋಗ್ತದೆ. ಹಂಗಂತ ಕರಾರಲ್ಲಿ ಐತೆ," ಎಂದ.

"ಇಲ್ಲ ಸಾರ್. ಬೇಕರಿಗೆ ಒಣ ತುರಿ."

"ಹಂಗಾದ್ರೆ ನನ್ನ ಅಡ್ಡಿ ಇಲ್ಲ. ಆದ್ರೆ ಇನ್ನೊಂದು. ಬಿಟ್ಟ ದಿನದಿಂದ ಮೂರು ತಿಂಗಳು. ಅಷ್ಟರೊಳಗೆ ದುಡ್ಡು ಕಟ್ಟಿ ತಗೊಂಡ್ರೆ ಉಂಟು. ಆಮೇಲೆ ಬಂದ್ರೆ ನಾನೂ ಏನೂ ಮಾಡಂಗಿಲ್ಲ."

ಆರುನೂರು ಷೇರಿಗೆ ನೂರೈವತ್ತರಂತೆ ತೊಂಬತ್ತು ಸಾವಿರ. ಮಂಗಳಾ ಹಾಕುತ್ತಿದ್ದ ಚೀಟಿ ಮುಗಿದು ಒಂದು ಲಕ್ಷ ಕೈಗೆ ಬರುವುದರಲ್ಲಿತ್ತು. ಅದನ್ನು ಅವಳು ಡ್ರೈಯರಿಗೆಂದು ಇಟ್ಟಿದ್ದಳು. ತಿಪಟೂರಿನಲ್ಲಿ ಹಳೆಯದೊಂದು ಎಂಬತ್ತು ಸಾವಿರಕ್ಕೆ ಇತ್ತು. ಷೇರು ಕೊಂಡರೆ ಡ್ರೈಯರಿಲ್ಲ. ಡ್ರೈಯರು ಕೊಂಡರೆ ಎರಡು ವರ್ಷ ಹಲ್ಲು ಕಚ್ಚಿದ್ದು ನೀರಿಗೆ ಹೋಯಿತು.

ಮನೆಯಲ್ಲಿ ಎಲ್ಲ ತಲೆಕೆಳಗಾಯಿತು. ಯಾವುದಕ್ಕೂ ಅಲುಗದ ರಂಗರಾಜುವಿಗೆ ಅವಸರ ಹತ್ತಿತು. "ಆರುನೂರರ ಮಾಲು ನೂರೈವತ್ತಕ್ಕೆ ಸಿಕ್ತೈತೆ ಅಂದ್ರೆ ಯಾರ್ ಬುಡ್ತಾರೆ? ಡ್ರೈಯರ್ ಆಮೇಲೆ ತಗೊಂಡ್ರಾಯ್ತು. ಪೂರ್ತಿ ತಗೊಂಡ್ಬುಡು," ಎಂದು ಗಾಡಿ ಓಡಿಸುವಾಗಲೂ ಫೋನು ಮಾಡುತ್ತಿದ್ದ. ಭೈರಮ್ಮನದು ಒಂದೇ ಮಾತು: "ತಟ್ಟಿ ನೋಡಾಕೆ ಆಗದ ಕಾಯಿಗೆ ದುಡ್ಡು ಕೊಡಬ್ಯಾಡ."

ಕೆಲಸ ಬಿಟ್ಟ ಮಂಗಳಾಗೆ ಬಿಡುವಾಗಬೇಕಿತ್ತು. ಅದರ ಬದಲು ಆ ಮೂರು ತಿಂಗಳು ಅವಳು ನಿಂತಲ್ಲಿ ನಿಲ್ಲಲಿಲ್ಲ. ತಿಪಟೂರಿಗೆ ಹೋಗಿ ಡ್ರೈಯರಿನ ಬಾಗಿಲು ತೆರೆದು ಮುಚ್ಚಿ ನೋಡಿ ಬಂದಳು. ಮತ್ತೆ ಹೋದಳು. ಒಂದು ಬೆಳಿಗ್ಗೆ ಏನೂ ಹೇಳದೆ ತುರುವೇಕೆರೆಯ ಬಸ್ಸು ಹತ್ತಿ ಶಿವಮೂರ್ತಿಯ ಅಂಗಡಿಗೆ ಹೋದಳು.

ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು. ಅಡಿಕೆ ತೋಟದವರು ಇಬ್ಬರು ಔಷಧಿ ಡಬ್ಬಿ ಹಿಡಿದು ನಿಂತಿದ್ದರು. ಅವರನ್ನು ಕಳಿಸಿ ಶಿವಮೂರ್ತಿ ಅವಳಿಗೆ ಸ್ಟೂಲು ಹಾಕಿದ. ಅವಳು ಕೂರಲಿಲ್ಲ.

"ಅವತ್ತು ಬಿಟ್ಟು ಬಂದ್ಯಲ್ಲ, ಒಂದಿನನಾದ್ರೂ ಹೊಟ್ಟೆ ಉರೀತಾ?"

"ಯಾಕಕ್ಕ ಉರೀಬೇಕು? ಈ ಅಂಗಡಿ ನನಗೆ ಅನ್ನ ಹಾಕ್ತೈತೆ," ಎಂದ ಶಿವಮೂರ್ತಿ. ಸ್ವಲ್ಪ ಹೊತ್ತು ಕೌಂಟರಿನ ಮೇಲೆ ಬಿದ್ದಿದ್ದ ಬೀಜದ ಪೊಟ್ಟಣಗಳನ್ನು ಜೋಡಿಸಿದ. "ಆದ್ರೂ ನಿಂಗೆ ಸುಳ್ಳು ಯಾಕೆ ಹೇಳ್ಳಿ. ತಿರುಳು ಚಿಪ್ಸ್ ಪ್ಯಾಕೆಟ್ ಯಾವ ಅಂಗಡೀಲಿ ಕಂಡ್ರೂ ತಿರುಗ್ಸಿ ಬೆಲೆ ನೋಡ್ತೀನಿ. ಏರೈತಾ, ಇಳಿದೈತಾ ಅಂತ. ನಂದಲ್ಲ ಅಂತ ಗೊತ್ತು. ಆದ್ರೂ ನೋಡ್ತೀನಿ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗವಿದ್ದರೂ ಮಂಗಳಾ ಕಂಬಿ ಹಿಡಿದು ನಿಂತೇ ಬಂದಳು. ತಿಪಟೂರಿನಲ್ಲಿ ಇಳಿದವಳು ನೇರವಾಗಿ ನೂರೈನ್ ಮನೆಗೆ ನಡೆದಳು. ಅಂದು ಭಾನುವಾರ. ನೂರೈನಳ ತಂದೆ ಮುಂದಿನ ಕೋಣೆಯಲ್ಲಿ ಮದುವೆಯ ಬಟ್ಟೆ ಹೊಲಿಯುತ್ತಿದ್ದರು. ಅವರ ಮೆಷಿನ್ನಿನ ಸದ್ದಿನ ನಡುವೆಯೇ ಇಬ್ಬರೂ ಒಳಗೆ ಕೂತು ಮಾತಾಡಿದರು.

"ಆರುನೂರು ರೂಪಾಯಿ ಅಂತಾರಲ್ಲ, ಅದು ನಿಜವಾ?"

"ನಿಜ, ಆದ್ರೆ ಆ ಬೆಲೆಗೆ ನಿಮ್ಮಿಂದ ಕೊಳ್ತೀನಿ ಅಂತ ಯಾರೂ ನಿಂತಿಲ್ಲ ಅಕ್ಕ. ಅದು ಹೂಡಿಕೆದಾರರು ತಮ್ಮ ಷೇರಿಗೆ ಕೊಟ್ಟ ಬೆಲೆ. ಅವರ ಷೇರಿಗೂ ನಮ್ಮದಕ್ಕೂ ವ್ಯತ್ಯಾಸ ಇದೆ. ನಾಳೆ ಕಂಪನಿ ಮಾರಾಟ ಆದ್ರೆ ಮೊದಲು ಅವರು ಹಾಕಿದ ದುಡ್ಡು ಅವರಿಗೆ. ಉಳಿದದ್ದರಲ್ಲಿ ನಾವು. ಒಳ್ಳೆ ಬೆಲೆಗೆ ಹೋದ್ರೆ ಎಲ್ಲರಿಗೂ ಸಿಗುತ್ತೆ. ಕಡಿಮೆಗೆ ಹೋದ್ರೆ ನಮಗೆ ಏನೂ ಉಳಿಯದೇ ಇರಬಹುದು."

"ತೆರಿಗೆ ಬೇರೆ ಕಟ್ಟಬೇಕು ಅಂದ್ರು ನಮ್ಮನೆಯವ್ರು. ಯಾರೋ ಹೇಳಿದ್ರಂತೆ."

"ಹೌದು. ನೂರೈವತ್ತಕ್ಕೆ ಕೊಂಡು ಅದರ ಬೆಲೆ ಆರುನೂರಿದ್ರೆ, ನಡುವಿನ ನಾನೂರೈವತ್ತನ್ನ ನಿಮಗೆ ಸಂಬಳ ಕೊಟ್ಟಂಗೆ ಲೆಕ್ಕ ಹಾಕ್ತಾರೆ. ಮಾರಿ ದುಡ್ಡು ನೋಡದೇ ಇದ್ರೂ ಸರಿ. ದೊಡ್ಡ ಸಂಬಳದವರಿಗೆ ಅದು ದೊಡ್ಡ ಪೆಟ್ಟು. ನಿಮ್ಮದು ಎಲ್ಲ ಸೇರಿಸಿದ್ರೂ ಈ ವರ್ಷ ತೆರಿಗೆ ಬೀಳೋಷ್ಟು ಆಗಲ್ಲ. ಲೆಕ್ಕ ಹಾಕಿ ನೋಡಿದೀನಿ."

ಮಂಗಳಾ ಎದ್ದು ಕಿಟಕಿಯ ಹತ್ತಿರ ಹೋಗಿ, ಮತ್ತೆ ಬಂದು ಕೂತಳು. "ನೀನಾಗಿದ್ರೆ ಏನ್ ಮಾಡ್ತಿದ್ದೆ?"

"ನಾನು ಕೆಲಸ ಬಿಡ್ತಿರ್ಲಿಲ್ಲ ಅಕ್ಕ," ಎಂದು ನೂರೈನ್ ನಕ್ಕಳು. ಆಮೇಲೆ ನಗು ಬಿಟ್ಟು, "ಹೋದ್ರೂ ಊಟಕ್ಕೆ ತೊಂದರೆ ಆಗದಷ್ಟು ದುಡ್ಡು ಮಾತ್ರ ಇದಕ್ಕೆ ಹಾಕ್ತಿದ್ದೆ. ಪೂರ್ತಿ ಹಾಕ್ತಿರ್ಲಿಲ್ಲ," ಎಂದಳು.

"ಪೂರ್ತಿ ತಗೊಳ್ಳಲೇಬೇಕು ಅಂತ ಇಲ್ವಾ?"

"ಇಲ್ಲ. ಎಷ್ಟು ಬೇಕೋ ಅಷ್ಟು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀನು?"

"ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಮಂಗಳಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ವಾರವೇ ನಲವತ್ತೈದು ಸಾವಿರ ಕಟ್ಟಿ ಮುನ್ನೂರು ಷೇರು ತೆಗೆದುಕೊಂಡಳು. ತಿಪಟೂರಿನ ಡ್ರೈಯರಿನ ಆಸೆ ಬಿಟ್ಟು, ಚಿಕ್ಕನಾಯಕನಹಳ್ಳಿಯಲ್ಲಿ ಎಣ್ಣೆ ಮಿಲ್ಲು ಮುಚ್ಚಿದವರೊಬ್ಬರ ಹತ್ತಿರ ಅದರ ಅರ್ಧದಷ್ಟೇ ಇದ್ದ ಹಳೆಯ ಡ್ರೈಯರೊಂದನ್ನು ಚೌಕಾಸಿ ಮಾಡಿ ಕೊಂಡಳು. ರಂಗರಾಜು ಮುಖ ಊದಿಸಿಕೊಂಡೇ ಅದನ್ನು ಗಾಡಿಯಲ್ಲಿ ತಂದು ಹಿತ್ತಿಲ ಚಾವಣಿಯ ಕೆಳಗೆ ಇಳಿಸಿದ. ಉಳಿದ ಮುನ್ನೂರರ ಗಡುವು ಮುಗಿದ ದಿನ ಅವಳು ಹಿತ್ತಿಲಲ್ಲಿ ಕಾಯಿ ತುರಿಯುತ್ತಿದ್ದಳು. ಗೋಡೆಯ ಕ್ಯಾಲೆಂಡರ್ ಕಡೆ ಕಣ್ಣು ಹೋಯಿತು, ಕೈ ನಿಂತಿತು. ಈಗ ಬಸ್ಸು ಹಿಡಿದರೂ ಸಂಜೆಯೊಳಗೆ ಬ್ಯಾಂಕಿನಲ್ಲಿ ಉಳಿದದ್ದನ್ನು ಕಟ್ಟಿ ಒಂದಷ್ಟಾದರೂ ತೆಗೆದುಕೊಳ್ಳಬಹುದು. ಎದ್ದಳು, ಸೆರಗಿಗೆ ಕೈ ಒರೆಸಿದಳು, ಬಾಗಿಲವರೆಗೆ ಹೋದಳು. ಡ್ರೈಯರಿನಲ್ಲಿ ತುರಿ ಕಂದುಗಟ್ಟುವ ವಾಸನೆ ಬಂದು ವಾಪಸ್ಸು ಓಡಿದಳು. ಅಷ್ಟರಲ್ಲಿ ಹೊತ್ತು ಹೋಯಿತು.

ಮುಂದಿನ ವರ್ಷ ಯಾರೂ ನೆನೆಸದಂತೆ ಕಾಯಿಯ ಬೆಲೆ ಏರಿತು. ತಿಪಟೂರಿನ ಕೊಬ್ಬರಿ ಹರಾಜಿನ ದಿನ ಊರೂರಿನಲ್ಲಿ ಅದೇ ಮಾತು. ಭೈರಮ್ಮ ಮನೆಯ ಹಿಂದಿನ ತೋಟದ ಕಾಯಿಗೆ ಬಂದ ವ್ಯಾಪಾರಿಯನ್ನು ಮುಂಗಡ ರೇಟು ಮಾತಾಡಲು ಬಿಡದೆ ಕಳಿಸಿದಳು. ಸೊಸೆಗೂ ಪೇಟೆಯ ಬೆಲೆಗೇ ಕಾಯಿ ಕೊಟ್ಟಳು.

"ಮನೆಯವಳು ಅಂತ ಒಂಚೂರು ಕಮ್ಮಿ ಮಾಡ್ಕೊಡಿ ಅತ್ತೆ."

"ಬೇಕರಿಯವ್ನಿಗೆ ನೀನು ಕಮ್ಮಿ ಮಾಡ್ತೀಯಾ? ವ್ಯಾಪಾರ ಅಂದ್ರೆ ವ್ಯಾಪಾರ ಕಣೇ," ಎಂದಳು ಭೈರಮ್ಮ. ಬಂದ ದುಡ್ಡಿನಲ್ಲಿ ಮಗನ ಗಾಡಿಗೆ ಹೊಸ ಟೈರು ಹಾಕಿಸಿದಳು.

ಮಂಗಳಾಳ ತುರಿಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ ಆಯಿತು. ಅವಳಿಗಿಂತ ಹೆಚ್ಚು ಪೆಟ್ಟು ಬಿದ್ದದ್ದು ತಿರುಳು ಫುಡ್ಸಿಗೆ. ಕಾಯಿಯ ಬೆಲೆ ಎರಡರಷ್ಟಾದಾಗ ಚಿಪ್ಸಿನ ಬೆಲೆಯನ್ನು ಎರಡರಷ್ಟು ಮಾಡಿದರೆ ಕೊಳ್ಳುವವರಿಲ್ಲ. ಒಂದು ಪಾಳಿ ನಿಲ್ಲಿಸಿದರು ಎಂದು ಸುದ್ದಿ ಬಂತು. ಊರು ಸಂತೋಷವಾಗಿದ್ದಾಗ ತನ್ನ ಷೇರು ಕುಸಿಯುತ್ತಿದೆ ಎಂಬುದು ಮಂಗಳಾಗೆ ಯಾರ ಹತ್ತಿರವೂ ಹೇಳಿಕೊಳ್ಳಲಾಗದ ವಿಚಿತ್ರ ಸಂಕಟವಾಯಿತು. ಹರಾಜಿನ ಬೆಲೆ ಇಳಿಯಲಿ ಎಂದು ಮನಸ್ಸಿನಲ್ಲಿ ಬಂದುಬಿಟ್ಟರೆ, ಜಗಲಿಯಲ್ಲಿ ಕೂತ ಅತ್ತೆಯ ಮುಖ ನೋಡಲು ನಾಚಿಕೆಯಾಗುತ್ತಿತ್ತು.

ಸೆಪ್ಟೆಂಬರಿನಲ್ಲಿ ಕಂಪನಿಯ ವಾರ್ಷಿಕ ಸಭೆಗೆ ಕರೆ ಬಂತು. ಷೇರುದಾರಳಾಗಿ ಅವಳು ಹೋಗಬಹುದಿತ್ತು. ಹೋದಳು. ಹೆಚ್ಚು ಜನರಿರಲಿಲ್ಲ: ಸೂರ್ಯಪ್ರಕಾಶ್, ಹೂಡಿಕೆದಾರರ ಕಡೆಯಿಂದ ಒಬ್ಬರು, ಷೇರು ಕೊಂಡ ಹಳೆಯ ಕೆಲಸಗಾರರು ಇಬ್ಬರು, ಬರೆದುಕೊಳ್ಳಲು ನೂರೈನ್. ಸೂರ್ಯಪ್ರಕಾಶ್ ತೆಳ್ಳಗಾಗಿದ್ದ. ಈ ವರ್ಷ ನಷ್ಟವಾಗಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದ. ಕಂಪನಿ ನಡೆಯಬೇಕಾದರೆ ಹೊಸ ಹಣ ಬೇಕು. ಕೊಡುವವರು ಷೇರಿಗೆ ಮುನ್ನೂರೈವತ್ತರ ಮೇಲೆ ಕೊಡಲು ಒಪ್ಪುತ್ತಿಲ್ಲ. ಹೊಸ ಷೇರು ಹುಟ್ಟಿದಷ್ಟೂ ಹಳಬರ ಪಾಲು ತೆಳ್ಳಗಾಗುತ್ತದೆ ಎಂದೂ ಹೇಳಿದ.

"ನಾವು ಯಾವಾಗ ಮಾರಬಹುದು ಸಾರ್?" ಎಂದಳು ಮಂಗಳಾ.

"ಗೊತ್ತಿಲ್ಲ ಮಂಗಳಮ್ಮ. ಎರಡು ವರ್ಷ ಅಂತ ಹೇಳಿ ನಿಮ್ಮನ್ನ ಖುಷಿ ಪಡಿಸಬಹುದು. ನನಗೆ ನಿಜವಾಗ್ಲೂ ಗೊತ್ತಿಲ್ಲ."

 ಹೊಸ ಹಣ ತರಲು ಒಪ್ಪುವವರು ಕೈ ಎತ್ತಿ ಎಂದಾಗ ಅವಳು ಎತ್ತಿದಳು. ಸಭೆ ಮುಗಿಯುವ ತನಕ ಅವಳ ಕಾಲು ಮೇಜಿನ ಕೆಳಗೆ ಅಲ್ಲಾಡುತ್ತಲೇ ಇತ್ತು. ಆದರೂ ಎದ್ದು ಹೋಗಲಿಲ್ಲ. ತನ್ನ ನಲವತ್ತೈದು ಸಾವಿರ ಎಲ್ಲಿದೆ ಎಂದು ಆ ಹೊತ್ತಿಗೆ ಅವಳಿಗೆ ಮೊದಲ ಸಲ ಅರ್ಥವಾಯಿತು. ಅದು ಪೆಟ್ಟಿಗೆಯಲ್ಲಿರಲಿಲ್ಲ. ಈ ಮನುಷ್ಯನ ಇನ್ನೂ ಮುಗಿಯದ ಗುದ್ದಾಟದಲ್ಲಿತ್ತು.

ಗೇಟಿನವರೆಗೆ ನೂರೈನ್ ಬಂದಳು. "ಬೇಜಾರಾ ಅಕ್ಕ?"

"ಬೇಜಾರಲ್ಲ ಕಣೇ. ಏನಾಗ್ತದೋ ಅಂತ ಒಳಗೆ ಕುಟ್ಟುತಾ ಇರ್ತದೆ. ಅದು ನಿಲ್ಲಲ್ಲ ಅನ್ಸುತ್ತೆ. ನೀನು ಹುಷಾರು," ಎಂದು ಮಂಗಳಾ ರಸ್ತೆಗೆ ಬಂದಳು.

ರಂಗರಾಜು ಹುಳಿಯಾರಿನ ಬೇಕರಿಗೆ ಕೊಡುವ ತುರಿಯ ಚೀಲಗಳನ್ನು ಹೇರಿಕೊಂಡು ಕಾಯುತ್ತಿದ್ದ. ಸಭೆಯಲ್ಲಿ ಏನಾಯಿತು ಎಂದು ಕೇಳಿದ. ಮುನ್ನೂರೈವತ್ತು ಎಂದಳು. ಅವನು ಸ್ವಲ್ಪ ದೂರ ಲೆಕ್ಕ ಹಾಕುತ್ತಾ ಗಾಡಿ ಓಡಿಸಿ, "ಇನ್ನೂ ನಷ್ಟ ಇಲ್ವಲ್ಲ," ಎಂದ. "ಮಾರೋವರೆಗೆ ಲಾಭನೂ ಇಲ್ಲ," ಎಂದಳು ಅವಳು.

ಹುಳಿಯಾರಿನಲ್ಲಿ ಬೇಕರಿಯವನು, ಬೆಲೆ ಹೆಚ್ಚಾಯಿತು, ಈ ವಾರ ಅರ್ಧ ಸಾಕು ಎಂದ. ಮಂಗಳಾ ವಾದ ಮಾಡಲಿಲ್ಲ. ಉಳಿದ ಚೀಲಗಳಲ್ಲಿ ಒಂದರ ಬಾಯಿ ಬಿಚ್ಚಿ, ಪುಟ್ಟ ಪೊಟ್ಟಣದಲ್ಲಿ ಹಿಡಿಯಷ್ಟು ತುರಿ ಕಟ್ಟಿಕೊಂಡಳು. ಸಂತೆ ಬೀದಿಯಲ್ಲಿ ಹೊಸದಾಗಿ ಒಂದು ಸಿಹಿ ತಿಂಡಿ ಅಂಗಡಿ ತೆರೆದಿದ್ದಾರೆ ಎಂದು ಯಾರೋ ಹೇಳಿದ್ದರು. ರಂಗರಾಜು ಗಾಡಿಯನ್ನು ಹುಣಸೆ ಮರದ ನೆರಳಿಗೆ ಹಾಕಿ, ಸೀಟಿನಲ್ಲಿ ಕಾಲು ಮಡಚುವುದರೊಳಗೆ ಅವಳು ಬೀದಿಯ ತಿರುವು ದಾಟಿದ್ದಳು.